ಗ್ಯಾಸ್ ಪ್ಲಾಂಟಿನೊಳಗೆ ನಮ್ಮ ಯಜಮಾನರು

ಸಾವಿನ ಜಾಗದಲ್ಲಿ ನಗಬಾರದು ಅಂತಾರೆ. ನನ್ನ ಪಾಲಿಗೆ ಮಾತ್ರ ನಗು ಅಂಥ ಕಡೆಯೇ ಮೊದಲು ಬಂದು ಕಾಯುತ್ತಾ ಕೂತಿರುತ್ತದೆ.

ತೂಬಗೆರೆ ಕಡೆಯ ನಮ್ಮೂರ ಹೊಲಗಳನ್ನೆಲ್ಲ ತಗೊಂಡು, ಗ್ಯಾಸ್ ಉರಿಸಿ ಕರೆಂಟು ಮಾಡುವ ಪ್ಲಾಂಟು ಕಟ್ಟಿದರು. ನಮ್ಮದೂ ಹೋಯಿತು. ಹೊಲಕ್ಕೆ ನಾನು ಅಷ್ಟು ಅತ್ತವಳಲ್ಲ. ಆದರೆ ಹೊಲದ ಮೂಲೆಯಲ್ಲಿ ನಮ್ಮ ಯಜಮಾನರನ್ನು ಮಣ್ಣು ಮಾಡಿದ್ದೆವು. ಅವರೂ ಕಾಂಪೌಂಡಿನ ಒಳಗೇ ಉಳಿದುಬಿಟ್ಟರು. ಪಕ್ಕದಲ್ಲಿ ನನಗೆ ಅಂತ ಬಿಟ್ಟಿದ್ದ ಜಾಗದಲ್ಲಿ ಗ್ಯಾಸ್ ಸೋಸುವ ದೊಡ್ಡ ಉಕ್ಕಿನ ಹಂಡೆ ಕೂತಿದೆ. ಸಮಾಧಿಯನ್ನೂ ಅಗೆದು ಬೇರೆ ಕಡೆ ಹಾಕ್ತೀವಿ ಅಂತ ಕಂಪನಿಯವರು ಶುರುವಿನಿಂದ ಹೇಳುತ್ತಲೇ ಇದ್ದರು. ನಾನು ಹೂಂ ಅನ್ನಲಿಲ್ಲ. ಗೇಟಿನ ಹೊರಗಿನ ಶೆಡ್ಡಿನಲ್ಲಿ ಕೆಲಸದವರಿಗೆ ಮುದ್ದೆ ಸಾರು ಮಾಡಿಹಾಕುವ ಕೆಲಸ ಹಿಡಿದೆ. ಅಲ್ಲಿದ್ದರೆ ಅವರ ಮೇಲೊಂದು ಕಣ್ಣಿಟ್ಟಿರಬಹುದು. ಬದುಕಿದ್ದಾಗಲೂ ನನ್ನ ಕೆಲಸ ಅದೇ ಆಗಿತ್ತು.

ಯಾರನ್ನು ನೋಡಬೇಕು?

ಅವರ ತಿಥಿಗೆ ಹೂವು, ಚೊಂಬಿನಲ್ಲಿ ನೀರು ಹಿಡಿದುಕೊಂಡು ಗೇಟಿಗೆ ಹೋದೆ. ಸೆಕ್ಯೂರಿಟಿಯವನು ಆವತ್ತೇ ಕೆಲಸಕ್ಕೆ ಬಂದವನು.

“ಯಾರನ್ನ ನೋಡ್ಬೇಕಜ್ಜಿ?”

“ನಮ್ಮ ಯಜಮಾನ್ರನ್ನ.”

“ಯಾವ ಸೆಕ್ಷನ್ನು?”

“ಗ್ಯಾಸ್ ಪೈಪು ಒಳಗೆ ಬರುತ್ತಲ್ಲಪ್ಪ, ಆ ಕಡೆ.”

“ಡ್ಯೂಟಿ ಮುಗಿಸ್ಕೊಂಡು ಆಚೆ ಬರ್ತಾರೆ, ಇಲ್ಲೇ ನೆರಳಲ್ಲಿ ಕೂತಿರಿ.”

“ಬರಲ್ಲ ಕಣಪ್ಪ. ಅವರು ಎದ್ದು ಆಚೆ ಬಂದ್ರೆ ನೀನು ಈ ಗೇಟಲ್ಲಿ ನಿಲ್ಲಲ್ಲ.”

ಕೊನೆಗೆ ವಿಷಯ ತಿಳಿದು ಪಾಪ ಬೆವೆತುಹೋದ. ಒಳಗೆ ಬಿಡುವಾಗ ಒಂದು ಹಳದಿ ಹೆಲ್ಮೆಟ್ಟು ತಂದು ನನ್ನ ಸೆರಗಿನ ಮೇಲೇ ಇಟ್ಟ.

“ಇದ್ಯಾಕೋ ಮಗ?”

“ಕೆಲಸ ನಡೀತೈತೆ ಅಜ್ಜಿ. ಮೇಲಿಂದ ಏನಾದ್ರೂ ಬಿದ್ದು ನೀವು ಸತ್ತೋದ್ರೆ?”

“ಗಂಡನ ಪಕ್ಕದಲ್ಲೇ ಬಿದ್ದಂಗಾಯ್ತು, ಹೊರೋ ಕೂಲಿ ಉಳೀತು. ತಗೋ ನಿನ್ನ ಹೆಲ್ಮೆಟ್ಟು.”

ಪೈಪು ಊದಿದ ದಿನ

ಆ ವರ್ಷವೇ ನನ್ನ ಮೈದುನ ತೀರಿಕೊಂಡ. “ಅಣ್ಣನ ಪಕ್ಕ ಮಲಗಿಸಿ” ಅಂತ ಸಾಯುವ ಮುಂಚೆ ಕೇಳಿದ್ದ. ಕಂಪನಿಯವರು ಆಗಲ್ಲ ಅಂದರು. ಇನ್ನೇನು ಮಾಡೋದು, ಊರಾಚೆಯ ಸ್ಮಶಾನಕ್ಕೆ ಅಂತ ಕಾಂಪೌಂಡಿನ ಮಗ್ಗುಲ ದಾರಿಯಲ್ಲಿ ಚಟ್ಟ ಹೊತ್ತುಕೊಂಡು ಹೊರಟರು. ಮುಂದೆ ತಮಟೆ, ಹಿಂದೆ ನಾವು ಹೆಂಗಸರು.

ಆವತ್ತೇ ಪ್ಲಾಂಟಿನವರು ಪೈಪು ಊದಬೇಕೆ! ಹೊಸ ಪೈಪಿನೊಳಗೆ ವೆಲ್ಡಿಂಗ್ ಚೂರು, ತುಕ್ಕು ಉಳಿದಿರುತ್ತದಂತೆ. ಹಾಗೇ ಬಿಟ್ಟರೆ ಅದು ಹೋಗಿ ಒಳಗೆ ಕರೆಂಟು ಮಾಡುವ ಚಕ್ರದ ರೆಕ್ಕೆ ಕಡಿಯುತ್ತದಂತೆ. ಅದಕ್ಕೆ ಚಕ್ರಕ್ಕೆ ಪೈಪು ಜೋಡಿಸುವ ಮುಂಚೆ ಜೋರಾಗಿ ಹಬೆ ಬಿಟ್ಟು, ಕಸವನ್ನೆಲ್ಲ ಆಕಾಶಕ್ಕೆ ಉಗುಳಿಸುತ್ತಾರೆ. ಆಟೋದಲ್ಲಿ ಮೈಕು ಕಟ್ಟಿ ಊರಿಗೆಲ್ಲ ಸಾರಿದ್ದರು. ಸತ್ತ ಮನೆಯ ತಮಟೆ, ಅಳುವಿನಲ್ಲಿ ನಮಗೆ ಕೇಳಿಸಿದ್ದರೆ ತಾನೇ?

ಭೋರ್ ಅಂದಿತು ನೋಡಿ, ಕಾಲಡಿಯ ನೆಲ ನಡುಗಿತು. ತಮಟೆಯವರು ತಮಟೆ ಬಿಸಾಕಿ ಓಡಿದರು. ಹೊತ್ತವರು ಚಟ್ಟವನ್ನು ದಾರಿಯಲ್ಲೇ ಇಳಿಸಿ ಹುಣಸೆ ತೋಪಿಗೆ ನುಗ್ಗಿದರು. ಮಡಕೆ ಹಿಡಿದಿದ್ದ ಮೈದುನನ ಹಿರೀಮಗ ಮಡಕೆ ಸಮೇತ ಓಡಿದ. ನಾನೂ ನನ್ನ ಓರಗಿತ್ತಿಯೂ ಒಬ್ಬರ ಮೇಲೊಬ್ಬರು ಚರಂಡಿಯಲ್ಲಿ ಬಿದ್ದೆವು.

ಸದ್ದು ನಿಂತಿತು. ಗಂಡಸರು ಒಬ್ಬೊಬ್ಬರಾಗಿ ತಲೆ ಹೊರಗೆ ಹಾಕಿದರು.

“ಲೇ, ಮೊದ್ಲು ಹೆಗಲು ಬಿಟ್ಟಿದ್ದು ಯಾವನ್ಲಾ?”

“ನೀನೇ ಕಣೋ! ನೀನು ಓಡಿದ್ದು ನೋಡಿ ನಾವು ಓಡಿದ್ದು.”

ಜಗಳ ಹೊಡೆದಾಟಕ್ಕೆ ಬಂತು. ನಡುದಾರಿಯಲ್ಲಿ ನನ್ನ ಮೈದುನನೊಬ್ಬನೇ ಹೂವಿನ ಹಾರ ಕೂಡ ಕದಲದಂತೆ ಮಲಗಿದ್ದ. ಓರಗಿತ್ತಿ ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

“ಅಕ್ಕಾ, ಜೀವಮಾನವೆಲ್ಲ ಹಲ್ಲಿ ಲೊಚ್ಚಗುಟ್ಟಿದ್ರೆ ನನ್ನ ಹಿಂದೆ ಅವಿತ್ಕೊಳ್ಳೋರು. ಇವತ್ತು ನೋಡು, ಊರಿಗೆಲ್ಲ ಇವರೊಬ್ಬರೇ ಗಂಡಸು!”

ಅತ್ತೆ ಮತ್ತು ಸೊಸೆ

ಪ್ಲಾಂಟಿನಲ್ಲಿ ಒಬ್ಬಳು ಎಂಜಿನಿಯರ್ ಹುಡುಗಿ ಇದ್ದಳು. ದಿನಾ ನನ್ನ ಶೆಡ್ಡಿಗೇ ಊಟಕ್ಕೆ ಬರೋಳು. ಒಂದು ದಿನ ಕೇಳಿದೆ, “ಒಳಗೆ ಅದೇನವ್ವ ಅಷ್ಟು ದೊಡ್ಡದಾಗಿ ಕಟ್ಟಿದೀರ?”

“ಗ್ಯಾಸ್ ಉರಿದು ಒಂದು ಚಕ್ರ ತಿರುಗಿಸುತ್ತೆ ಅಜ್ಜಿ. ಆ ಬಿಸಿ ಹೊಗೆನ ಸುಮ್ನೆ ಬಿಡಲ್ಲ. ಪೈಪು ತುಂಬಿರೋ ಇನ್ನೊಂದು ಮನೆಗೆ ಹಾಯಿಸಿ ನೀರು ಕಾಯಿಸ್ತೀವಿ. ಆ ಹಬೆಯಿಂದ ಎರಡನೇ ಚಕ್ರ ತಿರುಗುತ್ತೆ.”

“ಕೋಡೊಲೆ ಅನ್ನು.” ನನ್ನ ಒಲೆ ತೋರಿಸಿದೆ. ಮುಂದೆ ಮುದ್ದೆ ಬೇಯುತ್ತಿತ್ತು; ಅದೇ ಉರಿ ಹಿಂದಕ್ಕೆ ಹೋಗಿ ಪಕ್ಕದ ತೂತಿನ ಮೇಲೆ ಸಾರು ಕುದಿಸುತ್ತಿತ್ತು. “ಮುಂದಿನ ಚಕ್ರ ಸೊಸೆ, ಉರಿಯೆಲ್ಲ ಅವಳಿಗೆ. ಹಿಂದಿನ ಚಕ್ರ ಅತ್ತೆ. ಸೊಸೆ ಬೆಂದ ಬಿಸಿಯಲ್ಲೇ ಇವಳ ಬಾಳು.”

ಹುಡುಗಿ ನಕ್ಕು ನಕ್ಕು ಸುಸ್ತಾದಳು. ಅತ್ತೆ ಸೊಸೆ ಅನ್ನೋ ಹೆಸರು ಪ್ಲಾಂಟಿಗೆಲ್ಲ ಅಂಟಿತು. ಒಂದು ಮಧ್ಯಾಹ್ನ ಮುಖ ಬಾಡಿಸಿಕೊಂಡು ಬಂದಳು.

“ಸೊಸೆ ಇದ್ದಕ್ಕಿದ್ದಂಗೆ ನಿಂತೋದ್ಲು ಅಜ್ಜಿ. ಅವಳ ಹಿಂದೆ ಅತ್ತೆನೂ ನಿಂತ್ಲು. ದೊಡ್ಡ ಆಫೀಸರುಗಳೆಲ್ಲ ಬಂದು ಬೈತಿದಾರೆ.”

“ಯಾರನ್ನ?”

“ಸೊಸೆನ.”

“ಮತ್ತೆ ಹೊಸದೇನು ಕಟ್ಟಿದ್ರವ್ವ, ಇಷ್ಟು ಖರ್ಚು ಮಾಡಿ?”

ಆದರೆ ಅವಳು ಊಟಕ್ಕೆ ಕೈ ಹಾಕಲಿಲ್ಲ. ಇನ್ನೊಂದು ಸುದ್ದಿ ಇತ್ತು. ಮಹಾಲಯ ಅಮಾವಾಸ್ಯೆಯ ಎಡೆ ಇಡಲು ನನ್ನನ್ನು ಒಳಗೆ ಬಿಡುತ್ತಾರಂತೆ. ಅದು ಮುಗಿದ ತಕ್ಷಣ ಸಮಾಧಿ ಅಗೆಯುತ್ತಾರಂತೆ. ಆವತ್ತು ನನಗೂ ಅನ್ನ ಸೇರಲಿಲ್ಲ.

ಎಡೆ

ಮುದ್ದೆ, ಕೋಳಿಸಾರು, ವಡೆ, ಎಲೆಯಡಿಕೆ ಎಲ್ಲ ಕಟ್ಟಿಕೊಂಡು ಹೋದೆ. ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ಕಿತ್ತುಕೊಂಡರು. ಪೈಪಿಗೆ ಗ್ಯಾಸ್ ಬಂದ ಮೇಲೆ ಒಳಗೆ ಕಡ್ಡಿ ಗೀಚುವ ಹಾಗಿಲ್ಲ. ಒಂದು ಚೂರು ಕರ್ಪೂರಕ್ಕೆ ಮಾತ್ರ, ಹುಡುಗಿ ಬೇಡಿಕೊಂಡಿದ್ದಕ್ಕೆ, ಸೇಫ್ಟಿ ಆಫೀಸರು ಒಪ್ಪಿದ್ದರು. ಅದಕ್ಕೇ ಒಂದು ಫೈರ್ ಇಂಜಿನ್ನು ತಂದು ನಿಲ್ಲಿಸಿದ್ದರು. ಅದರ ಪಕ್ಕದಲ್ಲಿ ಅಗೆಯೋಕೆ ಬಂದ ಜೆಸಿಬಿ. ಡ್ರೈವರು ತ್ಯಾಮಗೊಂಡ್ಲಿನವನು, ಕೆಳಗಿಳಿದು ಕೈಕಟ್ಟಿ ನಿಂತಿದ್ದ. ಅವನಿಗೂ ಆ ಕೆಲಸ ಇಷ್ಟವಿರಲಿಲ್ಲ ಅಂತ ಮುಖ ಹೇಳುತ್ತಿತ್ತು.

ಎಲೆ ಹಾಸಿ ಎಲ್ಲ ಬಡಿಸಿದೆ. ಸೆರಗಿನಲ್ಲಿ ಮುಚ್ಚಿ ತಂದಿದ್ದ ಬ್ರಾಂದಿಯನ್ನು ಒಂದು ಗ್ಲಾಸಿಗೆ ಬಗ್ಗಿಸಿ ಎಲೆಯ ತುದಿಗಿಟ್ಟೆ. ಸತ್ತವರಿಗೆ ಇಷ್ಟವಾದದ್ದು ಇಡದಿದ್ದರೆ ಅದು ಎಡೆಯೇ ಅಲ್ಲ.

ಬೆಂಕಿ ಹಚ್ಚುವ ಮುಂಚೆ ಗ್ಯಾಸ್ ಸೋರಿದೆಯಾ ಅಂತ ಮೂಸಿ ಹೇಳುವ ಮೀಟರೊಂದು ಆಫೀಸರ ಕೈಯಲ್ಲಿತ್ತು. ಬಗ್ಗಿ ಅದನ್ನು ಎಲೆಯ ಹತ್ತಿರ ತಂದರು. ಕೀಂಯ್ಯ್ ಅಂತ ಕಿರುಚಿ ಕೆಂಪು ದೀಪ ಹೊಡೆಯಿತು.

“ಲೀಕ್! ಓಡಿ!”

ಮೀಟರು ಎಲೆಯ ಪಕ್ಕ ಬಿತ್ತು. ಆಫೀಸರು, ಫೈರಿನವರು, ಡ್ರೈವರು ಎಲ್ಲ ದಿಕ್ಕಾಪಾಲು. ಸೈರನ್ನು ಕೂಗಿತು. ನನ್ನ ಮೊಣಕಾಲು ಓಡುವಂಥವಲ್ಲ, ಅಲ್ಲೇ ಕೂತೆ. ಹೋಗುವುದಾದರೆ ಇಬ್ಬರೂ ಜೊತೆಗೇ ಹೋಗೋಣ ಅಂತ ಅವರಿಗೂ ಹೇಳಿದೆ.

ಬಹಳ ಹೊತ್ತಾದ ಮೇಲೆ ಆಫೀಸರು ಮುಖಕ್ಕೆ ಮಾಸ್ಕು ಹಾಕಿಕೊಂಡು, ಇನ್ನೊಂದು ಮೀಟರು ಹಿಡಿದು ಬಂದರು. ಪೈಪಿನ ಹತ್ತಿರ ಸದ್ದಿಲ್ಲ. ಉಕ್ಕಿನ ಹಂಡೆ ಹತ್ತಿರ ಸದ್ದಿಲ್ಲ. ಎಲೆಯ ಹತ್ತಿರ ತಂದರೆ ಕೀಂಯ್ಯ್!

“ಗ್ಲಾಸಲ್ಲೇನಜ್ಜಿ?”

“ಬ್ರಾಂದಿ.”

ತಲೆ ಮೇಲೆ ಕೈಹೊತ್ತು ಕೂತರು. ಬ್ರಾಂದಿಯ ಆವಿಯೂ ಉರಿಯುವ ವಸ್ತುವೇ ಅಂತೆ, ಮೀಟರಿಗೆ ಅದೂ ಗ್ಯಾಸೇ ಅಂತೆ. ಅದನ್ನೇ ಡ್ರೈವರಿಗೆ ಹೇಳಿದರು. ಅವನು ದೂರದಿಂದಲೇ ಕೈ ಮುಗಿದ.

“ಸಾರ್, ಪೈಪ್ ಹತ್ರ ಸುಮ್ನಿರುತ್ತೆ, ಸಮಾಧಿ ಹತ್ರ ಕಿರುಚುತ್ತೆ. ನಾನು ಬಕೆಟ್ ಹಾಕಲ್ಲ. ನನಗೂ ಹೆಂಡ್ತಿ ಮಕ್ಳವ್ರೆ.”

“ಅಜ್ಜಿ, ನೀವಾದ್ರೂ ನಿಜ ಹೇಳ್ರಿ ಅವನಿಗೆ!”

ನಿಜವನ್ನೇ ಹೇಳಿದೆ. “ಬ್ರಾಂದಿನೇ ಕಣಪ್ಪ. ಒಂದು ಗ್ಲಾಸ್ ಒಳಗೆ ಹೋದ್ರೆ ಅವರು ಹಿಂಗೇ ಕಿರುಚೋರು.”

ಜೆಸಿಬಿ ಹಿಂದೆ ತಿರುಗಿ ಹೋಯಿತು. ಆಮೇಲೆ ಕರೆಸಿದವರೂ ತೂಬಗೆರೆಯ ಟೀ ಅಂಗಡಿಯಲ್ಲಿ ಕಥೆ ಕೇಳಿ ಅಲ್ಲಿಂದಲೇ ವಾಪಸ್ಸಾದರು. ಕೊನೆಗೆ ಕಂಪನಿಯವರು ಸೋತು, ಪೈಪು, ಹಂಡೆ ಸುತ್ತ ಹಾಕಬೇಕಿದ್ದ ಬೇಲಿಯನ್ನೇ ಬಾಗಿಸಿ ಸಮಾಧಿಯನ್ನು ಬಳಸಿಕೊಂಡು ಹಾಕಿದರು. ಕರ್ಪೂರ ಮಾತ್ರ ಹಚ್ಚಲಿಲ್ಲ. ಇನ್ನು ಹಚ್ಚುವ ಹಾಗೂ ಇಲ್ಲ.

ಬದುಕಿದ್ದಾಗ ಕುಡಿದು ಕುಡಿದು ಕೆರೆ ಕೆಳಗಿನ ಗದ್ದೆ ಪೂರ್ತಿ ಕಳೆದವರು, ಸತ್ತ ಮೇಲೆ ಒಂದೇ ಗ್ಲಾಸಿಗೆ ಆರಡಿ ಮೂರಡಿ ಉಳಿಸಿಕೊಂಡರು.