ಚಪ್ಪಲಿ ಸಾಲಿನ ಆಡಳಿತ

ಅಧಿಕಾರ ಬಂದರೆ ಮನುಷ್ಯನಿಗೆ ಮೊದಲು ಬದಲಾಗುವುದು ನಡಿಗೆ, ಆಮೇಲೆ ಬುದ್ಧಿ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಪುಸ್ತಕಗಳ ಮಧ್ಯೆಯೇ ಬದುಕುತ್ತಿದ್ದರೂ ನನ್ನ ಓದು ಎಂಟನೇ ಕ್ಲಾಸಿಗೇ ನಿಂತಿತು. ಆದರೆ ಪಾಂಡವಪುರದ ನಮ್ಮ ಕಾಲೇಜು ಲೈಬ್ರರಿಯಲ್ಲಿ ನಾನು ಒರೆಸದ ಕಪಾಟಿಲ್ಲ, ರಟ್ಟು ಹಾಕದ ಪುಸ್ತಕವಿಲ್ಲ. ಅಂಥ ನನಗೆ, ಪರೀಕ್ಷೆ ಹತ್ತಿರವಿರುವಾಗ, ಲೈಬ್ರರಿಯನ್ ಮೇಡಂ ಬೀಗದಕೈ ಕೊಟ್ಟು ಮೈಸೂರಿಗೆ ಹೊರಟರು. ಹೋಗಿದ್ದು ನಾಯಕತ್ವದ ತರಬೇತಿಗೆ. "ನಿಂಗೇಗೌಡ್ರೆ, ನಾನು ಬರೋವರೆಗೆ ನೀವೇ ಇಲ್ಲಿ ಲೀಡರ್ರು" ಎಂದರು. ಸಂಜೆ ಮನೆಗೆ ಹೋದರೆ ಹೆಂಡತಿ, "ಯಾಕ್ರೀ ಇಂಗೆ ಸೆಟ್ಕಂಡು ನಡೀತಿದ್ದೀರಿ? ಬೆನ್ನು ಇಡ್ಕಂತಾ?" ಎಂದು ಎಣ್ಣೆ ಕಾಯಿಸಲು ಎದ್ದಳು.

ಲೈಬ್ರರಿಯ ಕಷ್ಟವೆಲ್ಲ ಕುರ್ಚಿಯದು. ಓದುವ ಕೋಣೆಯಲ್ಲಿ ಕುರ್ಚಿ ಕಮ್ಮಿ, ಮಕ್ಕಳು ಜಾಸ್ತಿ. ಬಾಗಿಲು ತೆಗೆದರೆ ನೂಕುನುಗ್ಗಲು. "ಇನ್ನೊಂದ್ಸಲ ಗಲಾಟೆ ಆದ್ರೆ ಪರೀಕ್ಷೆ ಮುಗಿಯೋವರೆಗೂ ಕೋಣೆಗೆ ಬೀಗ" ಎಂದು ಪ್ರಿನ್ಸಿಪಾಲರು ಎಚ್ಚರಿಸಿದ್ದರು. ನನ್ನ ಆಡಳಿತದಲ್ಲೇ ಬೀಗ ಬಿದ್ದರೆ ಮೇಡಂಗೆ ಯಾವ ಮುಖ ತೋರಿಸಲಿ?

ಆಗ ನೆನಪಾದದ್ದು ನಮ್ಮೂರ ಡೈರಿ. ಅಲ್ಲಿ ಹಾಲು ಅಳೆಯುವವನು ಬರುವ ಮೊದಲೇ ಕ್ಯಾನನ್ನು ಸಾಲಿನಲ್ಲಿಟ್ಟು ಜನ ಮನೆಗೆ ಹೋಗಿ ಕೊಟ್ಟಿಗೆ ಗುಡಿಸಿ ಬರುತ್ತಾರೆ. ಕ್ಯಾನು ನಿಂತರೆ ಆಳೇ ನಿಂತಂತೆ. ನಾನೂ ಘೋಷಿಸಿಬಿಟ್ಟೆ: "ಬಾಗ್ಲಲ್ಲಿ ಚಪ್ಪಲಿ ಸಾಲಾಗಿ ಬುಡ್ರಲಾ. ಯಾರ ಚಪ್ಪಲಿ ಮುಂದೋ ಅವ್ರಿಗೆ ಕುರ್ಚಿ."

ಮೊದಲ ದಿನ ಸ್ವರ್ಗ. ಮರುದಿನದಿಂದ ಹುಡುಗರು ಮನೆಯ ಹಳೇ ಜೋಡು ತಂದು ಸಾಲಿಗೆ ಬಿಟ್ಟು, ಹೊಸದನ್ನು ಮೆಟ್ಟಿಕೊಂಡು ಟೀ ಅಂಗಡಿಗೆ ಹೋಗತೊಡಗಿದರು. ಒಳಗೆ ನಿಶ್ಶಬ್ದ. ಇಂಥ ನಿಶ್ಶಬ್ದ ಮೇಡಂ ಕೈಯಲ್ಲೂ ಆಗಿರಲಿಲ್ಲ ಎಂದು ನಾನು ಹಿಗ್ಗುತ್ತಿರುವಾಗ ಪ್ರಿನ್ಸಿಪಾಲರು ಬಂದರು. ಉದ್ದನೆಯ ಚಪ್ಪಲಿ ಸಾಲು ಕಂಡು ಖುಷಿಯಾಗಿ ಒಳಗೆ ಇಣುಕಿದರೆ ಖಾಲಿ ಕುರ್ಚಿಗಳು. ಹೊರಗೆ ಹೊಂಗೆ ಮರದ ಕೆಳಗೆ, ಸಾಲಿನ ಕೊನೆಯಲ್ಲಿ ಚಪ್ಪಲಿ ಬಿಟ್ಟ ಹುಡುಗಿಯರು ಪುಸ್ತಕ ಹಿಡಿದು ಬರಿಗಾಲಲ್ಲಿ ಕಾಯುತ್ತಿದ್ದರು.

"ಏನ್ರೀ ಗೌಡ್ರೆ, ಚಪ್ಪಲಿಗಳು ಪರೀಕ್ಷೆ ಬರೀತಾವಾ?"

"ಚಪ್ಪಲಿ ಬುಟ್ಟೋರು ಬಂದ್ಬುಡ್ತಾರೆ ಸಾರ್, ಜಾಗ ಅವ್ರದ್ದು."

"ಖಾಲಿ ಕೋಣೆಗೆ ಫ್ಯಾನ್ ಯಾಕೆ? ಬೀಗ ಹಾಕಿ."

ದಿನಾ ಡೈರಿಗೆ ಹಾಲು ಹಾಕಿ ತೊಣ್ಣೂರಿನಿಂದ ಬರುವ ಸವಿತ ಮರದ ಕೆಳಗಿಂದ ಓಡಿಬಂದಳು. "ಬ್ಯಾಡಿ ಸಾರ್! ನಿಂಗಣ್ಣ ಡೈರಿ ಕಾನೂನು ಅರ್ಧ ತಂದವ್ರೆ, ಅಷ್ಟೆ" ಎಂದು ನನ್ನ ಕಡೆ ತಿರುಗಿದಳು. " ಅಳೆಯೋನು ಕೂಗ್ದಾಗ ಆಳಿಲ್ದಿದ್ರೆ ಕ್ಯಾನು ಪಕ್ಕಕ್ಕೆ ತಳ್ಳಲ್ವಾ ನೀವು?"

ತಳ್ಳುತ್ತೇವೆ. ನಾನೇ ಕಾಲಲ್ಲಿ ತಳ್ಳಿದ್ದೇನೆ. "ಆಳಿಲ್ಲಾಂದ್ರೆ ಜಾಗಾನೂ ಇಲ್ಲ!" ಎಂದು ಬೀದಿಗೆ ಕೇಳುವಂತೆ ಕೂಗಿ, ವಾರಸುದಾರರಿಲ್ಲದ ಚಪ್ಪಲಿಗಳನ್ನೆಲ್ಲ ಪೊರಕೆಯಲ್ಲಿ ಮೂಲೆಗೆ ಗುಡಿಸಿದೆ. ಹುಡುಗಿಯರು ಕೂತರು. ಕೂಗು ಕೇಳಿ ಟೀ ಅಂಗಡಿಗೆ ಅಂಗಡಿಯೇ ಎದ್ದುಬಂದು ತೆಪ್ಪಗೆ ಕೂತಿತು. ಪ್ರಿನ್ಸಿಪಾಲರು ನಗುತ್ತ, "ಬೀಗ ಬೇಡ ಬಿಡಿ" ಎಂದು ಹೋದರು.

ಆ ಸಂಭ್ರಮಕ್ಕೆ ನಾನೂ ಒಂದು ಟೀ ಕುಡಿದು ಬಂದೆ. ನನ್ನ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತು ಓದುತ್ತಿದ್ದ.

"ಏಳ್ಲಾ, ಅದು ನನ್ ಕುರ್ಚಿ."

"ಆಳಿಲ್ಲಾಂದ್ರೆ ಜಾಗಾನೂ ಇಲ್ಲ ಕಣಣ್ಣ" ಎಂದು ಪುಟ ತಿರುವಿದ.

ಆವತ್ತಿನಿಂದ ನಾನು ನಿಂತೇ ಇದ್ದೆ. ಮೇಡಂ ವಾಪಸು ಬಂದವರು ತುಂಬಿದ ಕೋಣೆಯನ್ನು ನೋಡಿದರು, ಗೋಡೆಗೊರಗಿ ನಿಂತಿದ್ದ ನನ್ನನ್ನು ನೋಡಿದರು. "ತರಬೇತೀಲೂ ಇದನ್ನೇ ಹೇಳಿದ್ರು ಗೌಡ್ರೆ! ಲೀಡರ್ ಆದೋರು ಕೂತಿರಬಾರ್ದು, ಜನರ ಮಧ್ಯೆ ನಿಂತಿರಬೇಕು ಅಂತ. ನಿಮಗೆ ಯಾರು ಹೇಳ್ಕೊಟ್ರು?"

"ಅದೆಲ್ಲ ಹುಟ್ಟಿನಿಂದ ಬರ್ಬೇಕು ಮೇಡಂ" ಎಂದೆ, ಮೊಣಕಾಲು ನೀವಿಕೊಳ್ಳುತ್ತ.