ಗೋಡೆಯ ಬಾಯಿ ಬಿಡಿಸಿದ ಆಂಪ್ಲಿಫೈಯರ್

"ಇದು ನಾಲ್ಕು ಚಾನೆಲ್ಲಿಂದು, ಅದು ಐದರದ್ದು, ಮೂಲೇಲಿರೋದು ಏಳರದ್ದು! ಮೂರು ಆಂಪ್ಲಿಫೈಯರಲ್ಲಿ ಯಾವುದು ಮೇಲು ಅಂತ ಇವತ್ತು ತೀರ್ಮಾನ!"

ಭಾನುವಾರ ಮಧ್ಯಾಹ್ನ ಪಂಚಾಕ್ಷರಿ ಎದೆಯುಬ್ಬಿಸಿ ನಿಂತ. ಕೇಳಲು ಇದ್ದವರು ಇಬ್ಬರೇ: ಹೆಂಡತಿ ನೀಲಮ್ಮ, ಅಕ್ಕ ಸರ್ವಮಂಗಳಮ್ಮ. ತುಮಕೂರಿನಲ್ಲಿ ಮೂವತ್ತು ವರ್ಷ ಮದುವೆಮನೆಗಳಿಗೆ ಮೈಕ್‌ಸೆಟ್ ಹಾಕಿದ ಮಹಾನುಭಾವ ಈತ. ತೀರಿಹೋದ ತಾಯಿಯ ಕೋಣೆಯನ್ನು ಹೋಮ್ ಥಿಯೇಟರ್ ಮಾಡುತ್ತೇನೆಂದು ಹೊರಟು, ಸಿನಿಮಾ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿಟ್ಟಿದ್ದ.

"ಗೋಡೆ ಸದ್ದು ಕುಡೀತೈತೆ ಕಣಕ್ಕ! ನನ್ನ ಆಂಪ್ಲಿಫೈಯರ್ ಅದನ್ನ ವಾಪಸ್ ಕಕ್ಕಿಸ್ತೈತೆ! ಚಾನೆಲ್ ಹೆಚ್ಚಾದಷ್ಟೂ ಹಳೇ ಸದ್ದು!"

ನೀಲಮ್ಮ ಗಾಬರಿಯಿಂದ ಗೋಡೆಯ ಕಡೆ ನೋಡಿದಳು. ಇದೇ ಕೋಣೆಯಲ್ಲಿ ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಸೊಸೆ ಅಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಹೊಗಳಿತ್ತು. ಆದರೆ ಒಂದು ದಿನ ಮೂರನೇ ಸಲ ಬಟ್ಟೆ ಬದಲಿಸಿ ಸೊಂಟ ಹಿಡಿದುಕೊಂಡಾಗ, ಅತ್ತೆ ನಿದ್ದೆಯಲ್ಲಿದ್ದಾರೆಂದುಕೊಂಡು, "ಶಿವನೇ, ಇವ್ರನ್ನ ಬೇಗ ಕರ್ಕೊಂಡ್ಬಿಡಪ್ಪ" ಅಂದುಬಿಟ್ಟಿದ್ದಳು. ಒಂಬತ್ತೇ ದಿನಕ್ಕೆ ಶಿವ ಕರೆದುಕೊಂಡ. ಎರಡು ವರ್ಷದಿಂದ ಆ ಮಾತು ಅವಳ ಗಂಟಲಲ್ಲೇ ಕೂತಿದೆ, ಯಾರಿಗೂ ಹೇಳಿಲ್ಲ.

"ಬನ್ರೀ, ಮುದ್ದೆ ಆರೋಗ್ತೈತೆ" ಎಂದಳು. ಕೇಳುವವರು ಯಾರು?

ಹೋಲಿಸಿ ನೋಡಬೇಕಾದರೆ ಮೂರಕ್ಕೂ ಒಂದೇ ವಾಲ್ಯೂಮ್ ಇಡಬೇಕಂತೆ. ಮೈಕ್‌ಸೆಟ್ಟಿನವನಿಗೆ ಗೊತ್ತಿರುವುದು ಒಂದೇ ವಾಲ್ಯೂಮ್, ಫುಲ್! ಸಾಲದ್ದಕ್ಕೆ ಏಳನೇ ಚಾನೆಲ್ಲಿಗೆ ಸ್ಪೀಕರ್ ಸಿಗದೆ, ತಾರಸಿಯ ಮೇಲಿದ್ದ ಮೈಕ್‌ಸೆಟ್ಟಿನ ಹಳೇ ಹಾರ್ನಿಗೆ ವಯರ್ ಎಳೆದಿದ್ದ.

ನಾಲ್ಕು ಚಾನೆಲ್ಲಿನದು ಗೊರಗುಟ್ಟಿ, ಹೋದ ವಾರದ ಸದ್ದು ಕಕ್ಕಿತು. ಚಪ್ ಚಪ್ ಎಂದು ತಿನ್ನುವ ಸದ್ದು, ಹಿಂದೆಯೇ ಪಂಚಾಕ್ಷರಿಯ ದನಿ: "ಒಂದು ಮೈಸೂರ್ ಪಾಕ್ ತಿಂದ್ರೆ ಸತ್ತೋಗ್ತೀನಾ? ಡಾಕ್ಟ್ರಿಗೇನು ಗೊತ್ತು!"

"ಶುಗರ್ ಮುನ್ನೂರೈತೆ, ನಾಚ್ಕೆ ಆಗಲ್ವೇನೋ!" ಎಂದು ಅಕ್ಕ ರೇಗಿದರು.

ಅವನು ಬೆವರೊರೆಸಿಕೊಂಡು ಐದರದ್ದನ್ನು ಹಾಕಿದ. ಅತ್ತೆ ತೀರಿಕೊಂಡಾಗಿನ ಶಿವಗಣಾರಾಧನೆಯ ಊಟದ ಗದ್ದಲ ಕೋಣೆ ತುಂಬಿತು. ಅದರೊಳಗಿಂದ ಸರ್ವಮಂಗಳಮ್ಮನವರ ಪಿಸುಮಾತು ಗುಡುಗಿತು: "ನಮ್ಮ ನೀಲಮ್ಮ ಪಾಯಸಕ್ಕೆ ಒಂದು ಗೋಡಂಬಿ ಹಾಕಿಲ್ಲ ನೋಡೇ, ಜಿಪುಣಿ!"

ಸರ್ವಮಂಗಳಮ್ಮನವರ ಮುಖ ಕೆಂಪಗಾಯಿತು. "ಹಾಕೋ ಏಳರದ್ದನ್ನ! ಇವಳದ್ದೂ ಏನಾದ್ರೂ ಬರ್ಲಿ!"

"ಬೇಡ ಕಣ್ರೀ, ನಿಮ್ಮ ದಮ್ಮಯ್ಯ!" ನೀಲಮ್ಮ ಪ್ಲಗ್ಗಿಗೆ ಕೈಹಾಕಿದಳು.

"ಮುಟ್ಬೇಡ, ಷಾಕ್ ಹೊಡೀತೈತೆ!" ಎಂದು ಗಂಡ ಅವಳನ್ನು ಹಿಂದಕ್ಕೆಳೆದು ಸ್ವಿಚ್ ಒತ್ತಿಯೇಬಿಟ್ಟ.

ಕೆಮ್ಮು. ಮಂಚದ ಕಿರಕಿರ. ಆಮೇಲೆ ನೀಲಮ್ಮನದೇ ದನಿ, ಕೋಣೆಯಲ್ಲೂ ತಾರಸಿಯ ಮೇಲೂ: "ಶಿವನೇ, ಇವ್ರನ್ನ ಬೇಗ ಕರ್ಕೊಂಡ್ಬಿಡಪ್ಪ!"

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅಕ್ಕ ಬಾಯಿ ತೆರೆದವರು ಮುಚ್ಚಲಿಲ್ಲ. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ನೀಲಮ್ಮನಿಗೆ. ಪಂಚಾಕ್ಷರಿ ಆರಿಸಲು ಹೋದರೆ ಸ್ವಿಚ್ಚೇ ಕಿತ್ತು ಕೈಗೆ ಬಂತು!

ಗೋಡೆಯ ಮಾತು ಇನ್ನೂ ಮುಗಿದಿರಲಿಲ್ಲ. ಅಂದು ನೀಲಮ್ಮ ಬಾಗಿಲು ಹಾಕಿಕೊಂಡು ಹೊರಗೆ ಹೋದ ಸದ್ದಾಯಿತು, ಆಮೇಲೆ ಅತ್ತೆಯ ಕ್ಷೀಣ ದನಿ ಕೇಳಿತು.

"ಅವ್ಳು ಕೇಳಿದ್ದನ್ನ ಕೊಟ್ಬಿಡು ಶಿವಾ. ನಂಗೂ ಸಾಕಾಗೈತೆ. ಪಾಪ, ಹೆಣ್ಮಗಳು ಬೆಳಗಿಂದ ಒಂದು ತುತ್ತು ತಿಂದಿಲ್ಲ."

ನೀಲಮ್ಮ ನೆಲದ ಮೇಲೆ ಕುಸಿದು ಕೂತಳು. ಸರ್ವಮಂಗಳಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು.

ಆಂಪ್ಲಿಫೈಯರ್ ಮಾತ್ರ ನಿಲ್ಲದೆ ಮನೆ ಕಟ್ಟಿದ ಗಾರೆಯವರ ಬೈಗುಳದವರೆಗೂ ಹೋಗಿ, ಗೋಡೆಯನ್ನು ಪೂರ್ತಿ ಬಸಿದು, ಬೀದಿಯ ಫ್ಯೂಸನ್ನೆಲ್ಲ ಸುಟ್ಟುಕೊಂಡು ಸತ್ತಿತು. ಬಸಿದ ಗೋಡೆಗೆ ಈಗ ಅದೆಂಥ ಬಾಯಾರಿಕೆಯೋ, ಆ ಕೋಣೆಯಲ್ಲಿ ಮಾಡಿದ ಸದ್ದು ಹುಟ್ಟುತ್ತಲೇ ಇಂಗಿಹೋಗುತ್ತದೆ! ಸಿನಿಮಾ ಹಾಕಿದರೆ ಬಾಯಿ ಆಡುತ್ತದೆ, ಮಾತಿಲ್ಲ. ಪಂಚಾಕ್ಷರಿ ಗೋಡೆಗೆ ಒಂದು ತಿಂಗಳು ತಲೆ ಚಚ್ಚಿಕೊಂಡ, ಅದೂ ಕೇಳಿಸಲಿಲ್ಲ.

ನೀಲಮ್ಮ ದಿನಾ ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಎದೆ ಹಗುರಾಗುವಷ್ಟು ಗಟ್ಟಿಯಾಗಿ ಅತ್ತು ಬರುತ್ತಾಳೆ. ಹೋಮ್ ಥಿಯೇಟರ್ ಹೆಂಗೈತೆ ಎಂದು ನೆರೆಯವರು ಕೇಳಿದರೆ ಅವಳದು ಒಂದೇ ಉತ್ತರ.

"ಚೆನ್ನಾಗೈತೆ. ಹೊರಗೆ ಒಂಚೂರೂ ಕೇಳ್ಸಲ್ಲ."