ಹಳ್ಳದ ಬ್ಲಾಕಿನ ಮಹಾಮೃಗ

"ನೋಡು ಕಾಂತಾ, ಈ ಬೆಟ್ಟದ ಸಾಲಲ್ಲಿ ಮೂಗಿಂದ ಉಸಿರಾಡೋ ಪ್ರಾಣಿ ಯಾವುದೇ ಇರ್ಲಿ, ಅದು ಒಂದ್ಸಲ ಕೆಮ್ಮಿದ್ರೆ ಸಾಕು, ಕುಲಗೋತ್ರ ಹೇಳಿಬಿಡ್ತೀನಿ. ಕಾಡುಕುರಿ ಅನ್ನೋ ಜಿಂಕೆ ಬೊಗಳೋದು ಯಾವುದು, ನಾಯಿ ಬೊಗಳೋದು ಯಾವುದು ಅಂತ ಗೊತ್ತಿಲ್ಲದೋರೆಲ್ಲ ಇವತ್ತು ಪ್ರಾಣಿತಜ್ಞರು! ಆ ಶಶಿಧರ ಮೇಷ್ಟ್ರು ಒಳ್ಳೇ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಪುಸ್ತಕ ನೋಡಿ ಪ್ರಾಣಿ ಗುರುತು ಹಿಡಿಯೋದು ಅಂದ್ರೆ, ಪಂಚಾಂಗ ನೋಡಿ ಹಸಿವಾಗಿದೆಯಾ ಇಲ್ವಾ ಅಂತ ತಿಳ್ಕೊಂಡ ಹಾಗೆ. ಇನ್ನೊಂದು ರೊಟ್ಟಿ ಹಾಕು. ಕ್ಯಾಮೆರಾ ಅವರದ್ದೇ ಇರ್ಬಹುದು. ಆದ್ರೆ ಮರ ನಂದು, ಹಳ್ಳ ನಂದು, ಪ್ರಾಣಿ ಕಾಲಿಟ್ಟ ನೆಲ ನಂದು. ಹೆಸರು ಹೇಳೋ ಹಕ್ಕೂ ನಂದೇ! ಮೇಷ್ಟ್ರಿಗೆ ಫೋಟೋ ಈಗಲೇ ಕಳಿಸಲ್ಲ. ಸಂಜೆ ದೀಪ ಹಚ್ಚೋದ್ರೊಳಗೆ ಇದು ಯಾವ ಪ್ರಾಣಿ ಅಂತ ನಾನು ಹೇಳ್ದೇ ಇದ್ರೆ, ನಾಳೆಯಿಂದ ನನ್ನನ್ನ ಶಾಂತಪ್ಪ ಅಂತ ಯಾರೂ ಕರೀಬೇಡಿ. ಅದಿರ್ಲಿ, ಚಟ್ನಿ ಯಾಕೆ ಇಷ್ಟು ಖಾರ?"

ಕಾಂತಮ್ಮ ರೊಟ್ಟಿ ಹಾಕಿದರು. ಚಟ್ನಿಯ ಮೇಲೆ ಒಂದಿಷ್ಟು ಬೆಣ್ಣೆಯನ್ನೂ ಹಾಕಿದರು. ಗಂಡನ ಮಾತೆಂದರೆ ಅವರಿಗೆ ಇವತ್ತಿಗೂ ಬೆರಗು. ಒಂದು ಇರುವೆ ಹರಿದುಹೋದರೆ ಅದರ ಹಿಂದೆ ದಂಡು ಬರಿಸಿ, ದಂಡಿನ ಹಿಂದೆ ರಾಜನನ್ನು ಬರಿಸಿ, ರಾಜನಿಗೊಂದು ಆನೆಯನ್ನೂ ತಂದು ನಿಲ್ಲಿಸಬಲ್ಲ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ? ಬೇರೆ ಹೆಂಗಸರು ಟಿ.ವಿ. ಹಾಕಿಕೊಳ್ಳುತ್ತಾರೆ. ಕಾಂತಮ್ಮನವರಿಗೆ ಆ ಖರ್ಚೇ ಇರಲಿಲ್ಲ.

ಶಶಿಧರ ಮೇಷ್ಟ್ರು ಸೋಮವಾರಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವರು. ರಜೆ ಬಂತೆಂದರೆ ಸುತ್ತಿನ ತೋಟಗಳಲ್ಲೆಲ್ಲ ಟ್ರೈಲ್ ಕ್ಯಾಮೆರಾ ಕಟ್ಟುವುದು ಅವರ ಹುಚ್ಚು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಎದುರಿಗೆ ಏನಾದರೂ ಅಲ್ಲಾಡಿದರೆ ತಾನೇ ಫೋಟೋ ಹೊಡೆದುಕೊಳ್ಳುತ್ತದೆ. "ನಿಮ್ಮ ತೋಟದ ಹಳ್ಳದ ಬ್ಲಾಕಿನಲ್ಲಿ ಒಂದು ಕಟ್ಟಲೇ?" ಎಂದು ಅವರು ಕೇಳಿದ್ದೇ ತಡ, ಶಾಂತಪ್ಪನವರು ಪೆಟ್ಟಿಗೆ ಕಿತ್ತುಕೊಂಡು ತಾವೇ ಹೋಗಿ ಕಟ್ಟಿ ಬಂದಿದ್ದರು. ಮೇಷ್ಟ್ರಿಗೆ ಪರೀಕ್ಷೆಯ ಕೆಲಸ. ಪೆಟ್ಟಿಗೆಯೊಳಗಿನ ಕಾರ್ಡನ್ನು ಫೋನಿಗೆ ಸಿಕ್ಕಿಸಿ ನೋಡುವುದನ್ನು ಶಾಂತಪ್ಪನವರಿಗೆ ಕಲಿಸಿ, "ಏನು ಬಿದ್ದರೂ ನನಗೆ ಕಳಿಸಿ" ಎಂದು ಹೇಳಿ ಹೋಗಿದ್ದರು.

ಆ ಬೆಳಿಗ್ಗೆ ಬಿದ್ದಿತ್ತು! ಶಾಂತಪ್ಪನವರು ಅದನ್ನು ಫೋನಿಗಿಳಿಸಿಕೊಂಡು, ಕಾರ್ಡನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಬಂದಿದ್ದರು. ಮಂಜು ಆಗಷ್ಟೇ ಹರಿದ ಹೊತ್ತಿನ ಫೋಟೋ. ಉದ್ದನೆಯ ಮೈ, ಸುಟ್ಟ ಬೆಲ್ಲದಂಥ ಕಪ್ಪು ಬಣ್ಣ, ಪೊದೆಯಂಥ ಬಾಲ. ಕೊರಳು ಮಾತ್ರ ಹಳದಿ! ಮದುಮಗಳಿಗೆ ಅರಿಶಿನ ಹಚ್ಚುವವರು ಕೊರಳಿಗೆ ಹಚ್ಚಿ, ಉಳಿದದ್ದನ್ನು ಮರೆತು ಎದ್ದುಹೋದಂತೆ. ಪ್ರಾಣಿ ಒಂದು ಕಾಫಿಗಿಡದ ಪಕ್ಕ, ಮುಂಗಾಲೆತ್ತಿಕೊಂಡು ನಿಂತಿತ್ತು.

ಕಾಫಿ ಸೀಮೆಯವರ ಅಳತೆಗೋಲು ಕಾಫಿಗಿಡ. ಮೊಮ್ಮಗ ಎಷ್ಟು ಬೆಳೆದ ಎಂದರೆ "ಗಿಡದೆತ್ತರ ಬಂದ" ಅನ್ನುತ್ತಾರೆ. ಹಾವು ಎಷ್ಟುದ್ದ ಎಂದರೆ "ಈ ಗಿಡದಿಂದ ಆ ಗಿಡಕ್ಕೆ." ಶಾಂತಪ್ಪನವರೂ ಹಾಗೇ ಅಳೆದರು.

"ಗಿಡ ನಿನಗೆ ಎಲ್ಲಿಗೆ ಬರುತ್ತೆ ಕಾಂತಾ?"

"ಹೆಗಲಿಗೆ."

"ಪ್ರಾಣಿ ಬೆನ್ನು ಗಿಡದಲ್ಲಿ ಎಲ್ಲಿಗೆ ಬಂದಿದೆ?"

ಕಾಂತಮ್ಮ ಕನ್ನಡಕ ಏರಿಸಿ ನೋಡಿದರು. "ಅರ್ಧಕ್ಕಿಂತ ಮೇಲೆ."

"ಅಂದ್ರೆ ನಿನ್ನ ಸೊಂಟದ ಮೇಲೆ! ಬಾಲ?"

"ಬಾಲ... ಗಿಡ ದಾಟಿ ಆಚೆ ಹೋಗಿದೆ. ಈಶ್ವರಾ!" ಕಾಂತಮ್ಮ ತಮ್ಮ ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಕರಡಿ ಇರ್ಬೇಕು," ಎಂದರು ಶಾಂತಪ್ಪ.

"ಕರಡಿಗೆ ಇಷ್ಟುದ್ದ ಬಾಲ ಎಲ್ಲಿಂದ ಬಂತು?"

"ಹಾಗಾದ್ರೆ ಕರಿಚಿರತೆ."

"ಚಿರತೆಗೆ ಅರಿಶಿನ ಹಚ್ಚಿದೋರು ಯಾರು?"

ಶಾಂತಪ್ಪನವರು ವಿಭೂತಿ ಹಚ್ಚಿದ ಹಣೆ ಉಜ್ಜಿಕೊಂಡರು. ಆಮೇಲೆ ಮುಖ ಬೆಳಗಿತು. "ಯಾರೂ ಇಲ್ಲಿವರೆಗೆ ಕಾಣದ ಪ್ರಾಣಿ ಕಣೇ ಇದು! ಹುಲಿಯ ಕುಲ, ಕರಡಿಯ ಬಣ್ಣ. ಅರಿಶಿನಗೊರಳ ಕರಿಹುಲಿ!"

ದೀಪ ಹಚ್ಚುವುದಿರಲಿ, ರೊಟ್ಟಿ ಮುಗಿಯುವುದರೊಳಗೆ ಹೆಸರು ಸಿಕ್ಕಿತ್ತು! ಬೆಳೆಗಾರರ ವಾಟ್ಸಾಪ್ ಗುಂಪಿಗೆ ಫೋಟೋ ಹೋಯಿತು, ಕೆಳಗೆ ಶಾಂತಪ್ಪನವರ ಹೆಸರು. ಮೇಷ್ಟ್ರಿಗೆ ಮಾತ್ರ ಹೋಗಲಿಲ್ಲ.

ಕಾಫಿ ಹಣ್ಣು ಕುಯ್ಯುವ ಹೆಂಗಸರು ಹಾರಂಗಿ ಕಡೆಯಿಂದ ಜೀಪಿನಲ್ಲಿ ಬಂದಿಳಿದರು. ಅವರ ಮುಂದಾಳು ಲಿಂಗಮ್ಮ. ಆಕೆ ಹೂಂ ಅಂದರೆ ಜೀಪಿಗೆ ಜೀಪೇ ಹೂಂ. ಶಾಂತಪ್ಪನವರು ಫೋನನ್ನು ಮಂಗಳಾರತಿಯಂತೆ ಎಲ್ಲರ ಮುಖದೆದುರು ಹಿಡಿದರು.

"ಎಷ್ಟೆತ್ರ ಐತೆ ಅಪ್ಪಾರೆ ಇದು?" ಲಿಂಗಮ್ಮ ಕೇಳಿದಳು.

"ಗಿಡ ನೋಡು, ನಿನಗೇ ಗೊತ್ತಾಗುತ್ತೆ."

ಲಿಂಗಮ್ಮ ನೋಡಿದಳು. ಗೊತ್ತಾಯಿತು. ಸೊಂಟಕ್ಕೆ ಕಟ್ಟಿದ್ದ ಕುಯ್ಲಿನ ಚೀಲ ಬಿಚ್ಚಿದಳು. "ನಾವು ಹಳ್ಳದ ಬ್ಲಾಕಿಗೆ ಇಳಿಯಾಕಿಲ್ಲ."

"ಅಯ್ಯೋ, ಉಳಿದಿರೋದೇ ಅದೊಂದು ಬ್ಲಾಕು!" ಕಾಂತಮ್ಮ ಜಗಲಿಯಿಂದಿಳಿದು ಬಂದರು.

"ಹಣ್ಣು ಇನ್ನೊಂದ್ ವರ್ಸ ಬತ್ತದೆ ಅಮ್ಮಾರೆ. ನಾವು ಬತ್ತೀವಾ?"

ಅಂದು ಹೆಂಗಸರು ಕಣದಲ್ಲಿ ಕೂತು ಒಣಗಿದ ಕಾಫಿಯ ಕಸ ಆರಿಸಿದರು. ನಾಳೆಯೂ ಕುಯ್ಲಿಲ್ಲವಾದರೆ ಬೇರೆ ತೋಟಕ್ಕೆ ಹೋಗುತ್ತೇವೆ ಎಂದು ಲಿಂಗಮ್ಮ ನೆಟ್ಟಗೆ ಹೇಳಿಬಿಟ್ಟಳು. ಕುಯ್ಲಿನ ಕಾಲದಲ್ಲಿ ಕೈತಪ್ಪಿದ ಆಳು, ಒಡೆದ ಕೆರೆಯ ನೀರು, ಎರಡನ್ನೂ ಮತ್ತೆ ತುಂಬಿಸಿಕೊಂಡವರಿಲ್ಲ. ಹಳ್ಳದ ಬ್ಲಾಕಿನ ಅರೇಬಿಕಾ ಕೆಂಪು ತುಂಬಿ, ಕೆಂಪು ಕಪ್ಪಿಗೆ ತಿರುಗುತ್ತಿತ್ತು. ಕಾಂತಮ್ಮನವರ ಕಿವಿ ಬಲು ಸೂಕ್ಷ್ಮ. ಜಗಲಿಯಲ್ಲಿ ನಿಂತರೂ ಅವರಿಗೆ ಕೇಳುತ್ತಿತ್ತು: ತರಗೆಲೆಯ ಮೇಲೆ ಟಪ್, ಟಪ್.

ಇತ್ತ ಕರಿಹುಲಿ ಬೆಳೆಯುತ್ತಿತ್ತು. ಗುಂಪಿನಿಂದ ಗುಂಪಿಗೆ ಹೋದಂತೆಲ್ಲ ಅದಕ್ಕೆ ಒಂದೊಂದು ಗೇಣು ಮೈ ಬಂತು. ಮಧ್ಯಾಹ್ನದ ಹೊತ್ತಿಗೆ ಅದು ಬೇಲಿ ಹಾರಿತ್ತು. ಕಾಫಿ ಹೊತ್ತಿಗೆ ಬೇಲಿಯನ್ನೇ ತಿಂದಿತ್ತು! ಕಾಡಂಚಿನ ತಿತಿಮತಿಯ ಬೀಗರು ಫೋನ್ ಮಾಡಿದರು. "ನಮ್ಮಲ್ಲಿ ಆನೆ ಇದೆ, ಹುಲಿ ಇದೆ, ಅರಿಶಿನ ಹಚ್ಚಿದ್ದು ಮಾತ್ರ ಇರ್ಲಿಲ್ಲ ನೋಡಿ. ಮರಿ ಹಾಕಿದ್ರೆ ಒಂದು ಕಳಿಸಿ!" ಅಕ್ಕಪಕ್ಕದ ತೋಟದವರು ಜೀಪು ಬೈಕು ಹತ್ತಿ ಬಂದರು. ಶಾಂತಪ್ಪನವರು ಕುರ್ಚಿಯಲ್ಲಿ ಕೂತು ವರ್ಣಿಸಿದರು. ಕಾಂತಮ್ಮ ಕಾಫಿ ಕಾಯಿಸಿದರು, ಲೋಟ ತೊಳೆದರು, ಮತ್ತೆ ಕಾಯಿಸಿದರು.

"ರೀ, ಹಣ್ಣು ಉದುರ್ತಿದೆ."

"ಲೋಕವೇ ನಮ್ಮನೆ ಬಾಗಿಲಿಗೆ ಬಂದಿರುವಾಗ ನಿನಗೆ ಹಣ್ಣಿನ ಚಿಂತೆ!"

"ಲೋಕ ಬಂದು ಕಾಫಿ ಕುಡಿಯುತ್ತೆ. ಕುಯ್ದು ಕೊಡಲ್ಲ."

ಮಾರನೆಯ ಬೆಳಿಗ್ಗೆ ಹೆಂಗಸರು ಬಂದರು. ಬಂದವರು ಅಂಗಳದಲ್ಲೇ ಕೂತರು. ಕಾಂತಮ್ಮ ಸೀರೆ ಎತ್ತಿಕಟ್ಟಿ, ಸೊಂಟಕ್ಕೆ ಗೋಣಿಚೀಲ ಬಿಗಿದರು. "ಯಾರೂ ಬರದಿದ್ರೆ ನಾನೇ ಕುಯ್ತೀನಿ. ಹುಲಿ ಬಂದ್ರೆ ಅದಕ್ಕೂ ಒಂದು ಚೀಲ ಕಟ್ತೀನಿ."

ಹೆಂಡತಿ ಹೊರಟ ಮೇಲೆ ಗಂಡ ಕೂತಿರಲಾದೀತೇ, ಅದೂ ಅಷ್ಟು ಜನ ಹೆಂಗಸರೆದುರು? ಶಾಂತಪ್ಪನವರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸೌಟು ಹಿಡಿದು ದಂಡಯಾತ್ರೆಗೆ ಹೊರಟರು. ಢಣ್, ಢಣ್! "ಹೆದರ್ಬೇಡ ಕಾಂತಾ, ನಾನಿದ್ದೀನಿ!" ಹಾಗೆನ್ನುತ್ತಾ ಅವರು ಇದ್ದದ್ದು ಕಾಂತಮ್ಮನವರ ಹಿಂದೆ.

ಕ್ಯಾಮೆರಾ ಕಟ್ಟಿದ್ದ ಸಿಲ್ವರ್ ಓಕ್ ಮರದ ಹತ್ತಿರ ಬಂದಾಗ ಪೊದೆಯೊಳಗೆ ಬರ್ರೆಂದು ಸದ್ದು! ತಟ್ಟೆ ಒಂದು ಕಡೆ ಹಾರಿತು, ಸೌಟು ಒಂದು ಕಡೆ. ಪಕ್ಕದ ಮರಕ್ಕೆ ಕಾಳುಮೆಣಸು ಕುಯ್ಯುವ ಏಣಿ ಒರಗಿಸಿತ್ತು. ಕಾಂತಮ್ಮ ತಿರುಗಿ ನೋಡುವಷ್ಟರಲ್ಲಿ ಅವರ ಯಜಮಾನರು ಏಣಿಯ ತುದಿಯಲ್ಲಿ, ಮೆಣಸಿನ ಬಳ್ಳಿಯನ್ನು ಅಪ್ಪಿಕೊಂಡು ನಿಂತಿದ್ದರು. ಪೊದೆಯಿಂದ ಹಾರಿದ್ದು ಕಾಡುಕೋಳಿ.

"ಗೊತ್ತಿತ್ತು ನನಗೆ, ಕೋಳಿ ಅಂತ!" ಮೇಲಿನಿಂದ ಧ್ವನಿ ಬಂತು. "ದೂರ ನೋಡೋಕೆ ಹತ್ತಿದೆ. ನೀನು ಆ ಕಾರ್ಡ್ ತೆಗೆದುಕೊಂಡು ಬಾ, ಹೊಸ ಫೋಟೋ ಇರುತ್ತೆ."

ಪೆಟ್ಟಿಗೆ ತೆರೆಯಲು ಕಾಂತಮ್ಮ ನೆಲದ ಮೇಲೆ ಕೂರಬೇಕಾಯಿತು. "ಇದೇನ್ರೀ, ಮರದ ಬುಡಕ್ಕೆ ಕಟ್ಟಿದ್ದೀರಿ! ಮೊಣಕಾಲೆತ್ತರಕ್ಕೆ ಅಂತ ತಾನೇ ಮೇಷ್ಟ್ರು ಹೇಳಿದ್ದು?"

"ಮಂಡಿ ನೋವು ಕಣೇ. ಕೂತ್ಕೊಂಡೇ ಕಟ್ಟಿದೆ."

ಮಂಡಿ ನೋವಿನವರು ಏಣಿ ಹತ್ತಿದ ವೇಗ ನೆನೆದು ಕಾಂತಮ್ಮ ಮನಸ್ಸಿನಲ್ಲೇ ಕೈ ಮುಗಿದರು. ಎಂಥ ಪುರುಷ! ನೋವನ್ನೂ ಹೊತ್ತು ನೋಡಿ ಬಳಸುತ್ತಾನೆ!

ಮನೆಗೆ ವಾಪಸು ಬಂದರೆ ಅಂಗಳದಲ್ಲಿ ಶಶಿಧರ ಮೇಷ್ಟ್ರ ಬೈಕು. ಮೇಷ್ಟ್ರು ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದಾರೆ. "ಶಾಂತಪ್ಪನವರೇ! ಊರಿಗೆಲ್ಲ ಹೋದ ಫೋಟೋ ನನಗೆ ನಿಮ್ಮಿಂದ ಬರಲಿಲ್ಲವಲ್ಲ! ಆ ಪ್ರಾಣಿ..."

"ಕೂತ್ಕೊಳ್ಳಿ ಮೇಷ್ಟ್ರೇ, ಕೂತ್ಕೊಂಡು ಕೇಳಿ! ಅದು ಹುಲಿಯ ಕುಲ. ಎತ್ತರ ಕಾಂತಾಳ ಸೊಂಟದ ಮೇಲೆ..."

ಶಾಂತಪ್ಪನವರ ಮಾತಿನ ಮಧ್ಯೆ ಸೂಜಿ ತೂರಿಸಲೂ ಜಾಗವಿರಲಿಲ್ಲ. ಕೊನೆಗೆ ಕಾಂತಮ್ಮ ಮೆಲ್ಲಗೆ ಕಾರ್ಡನ್ನು ಮೇಷ್ಟ್ರ ಕೈಗಿತ್ತರು. ಮೇಷ್ಟ್ರು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಜಗಲಿ ಕಟ್ಟೆಯ ಮೇಲಿಟ್ಟರು. ಹೆಂಗಸರೆಲ್ಲ ಸೆರಗು ಕಚ್ಚಿಕೊಂಡು ಸುತ್ತ ನಿಂತರು.

ಮೊದಲು ಬಂತು ಅದೇ ಪ್ರಾಣಿ. ಈ ಸಲ ಮುಖ ತಿರುಗಿಸಿ ನೇರ ನೋಡುತ್ತಿತ್ತು. ಮೇಷ್ಟ್ರು ಪರದೆಯ ಹತ್ತಿರಕ್ಕೆ ಬಾಗಿದರು. ಅವರ ಬೆರಳು ಮುಂದಿನ ಫೋಟೋ ಒತ್ತಿತು.

"ಅಯ್ಯಯ್ಯಪ್ಪೋ!" ಹೆಂಗಸರು ಹಿಂದಕ್ಕೆ ಜಿಗಿದರು. ಪರದೆ ತುಂಬ ಪಟ್ಟೆ! ಅದೇ ಕಾಫಿಗಿಡದ ಪಕ್ಕ, ಅದೇ ಜಾಗ. ಗಿಡದ ನೆತ್ತಿ ಮುಟ್ಟುವ ಬೆನ್ನು, ಕಂಬದಂಥ ಕಾಲು, ಉರಿಯುವ ಕಣ್ಣು!

"ಹುಲಿ! ಹೇಳಲಿಲ್ವಾ ನಾನು?" ಶಾಂತಪ್ಪನವರು ಕುರ್ಚಿಯ ಮೇಲೆ ಹತ್ತಿದರು. "ಕರಿಹುಲಿ ಹಿಂದೆ ಹುಲಿ! ಸಂಸಾರ ಸಮೇತ ಬಂದಿದೆ!"

ಲಿಂಗಮ್ಮ ಮಾತ್ರ ಕದಲಲಿಲ್ಲ. ಬಗ್ಗಿ ನೋಡಿದಳು. ಇನ್ನಷ್ಟು ಬಗ್ಗಿದಳು.

"ಅಮ್ಮಾರೆ, ಹುಲಿ ಕೊರಳಾಗೆ ಗೆಜ್ಜೆ ಯಾಕೈತೆ?"

ಕಾಂತಮ್ಮ ನೋಡಿದರು. ಅದು ಅವರೇ ಕಟ್ಟಿದ ಗೆಜ್ಜೆ, ಹಾಲಿನ ಪಾತ್ರೆಗೆ ಬಾಯಿ ಹಾಕಲು ಬಂದರೆ ಗೊತ್ತಾಗಲೆಂದು. "ಅಯ್ಯೋ ಶಿವನೇ, ಇದು ನಮ್ಮ ಸರಸಿ! ಮನೆ ಬೆಕ್ಕು!"

ಅಂಗಳದಲ್ಲಿ ಎದ್ದ ನಗೆಗೆ ಕಣದ ಪಾರಿವಾಳಗಳೆಲ್ಲ ಹಾರಿದವು. ಕಾಂತಮ್ಮನವರಿಗೆ ಆಗ ಆ ಜಾಗ ನೆನಪಿಗೆ ಬಂತು. ಅದು ಬೆಳೆದ ಗಿಡವೇ ಅಲ್ಲ, ಸಪ್ಲೈ ಗಿಡ! ಸತ್ತ ಗಿಡದ ಜಾಗ ತುಂಬಲು ಹೋದ ಮಳೆಗಾಲ ಶಾಂತಪ್ಪನವರೇ ನೆಟ್ಟ ಸಸಿ, ಮಂಡಿಯೆತ್ತರವೂ ಇಲ್ಲ. ನೆಲಕ್ಕಂಟಿದ ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡಿದ್ದಕ್ಕೆ ಸಸಿ ಗಿಡವಾಗಿತ್ತು, ಬೆಕ್ಕು ಹುಲಿಯಾಗಿತ್ತು. ನಿನ್ನೆ ತಾವೂ ಸೊಂಟ ಮುಟ್ಟಿ ನೋಡಿಕೊಂಡದ್ದು ನೆನಪಾಗಿ ಕಾಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು.

ನಗದವರು ಮೇಷ್ಟ್ರೊಬ್ಬರೇ. ಹಿಂದಿನ ಫೋಟೋಕ್ಕೆ ಹೋಗಿ ನಿಂತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇದು ನೀಲಗಿರಿ ಮಾರ್ಟೆನ್," ಎಂದರು ಮೆಲ್ಲಗೆ. "ಬೆಕ್ಕಿಗಿಂತ ತುಸು ಉದ್ದ, ಅಷ್ಟೇ. ಹೆಚ್ಚಾಗಿ ಮರದ ಮೇಲೇ ಇರುತ್ತೆ. ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಇದಕ್ಕೋಸ್ಕರ ನಾನು ಎಷ್ಟು ಬೆಟ್ಟ ಹತ್ತಿದ್ದೀನಿ, ಎಷ್ಟು ಮರಕ್ಕೆ ಕ್ಯಾಮೆರಾ ಕಟ್ಟಿದ್ದೀನಿ... ಒಂದು ಸಲವೂ ಬೀಳಲಿಲ್ಲ."

ನಗು ತಾನಾಗಿ ನಿಂತಿತು. ಎಲ್ಲರೂ ಮತ್ತೆ ಹತ್ತಿರ ಬಂದು ನೋಡಿದರು. ಹೆದರಿಕೆ ಹೋದ ಮೇಲೆ ಅದು ಬೇರೆಯೇ ಪ್ರಾಣಿಯಾಗಿತ್ತು. ಬೆಳಗಿನ ಬಿಸಿಲು ಕೊರಳ ಮೇಲೆ ಬಿದ್ದು ಆ ಹಳದಿ ದೀಪದಂತೆ ಹತ್ತಿಕೊಂಡಿತ್ತು. ಎತ್ತಿದ ಮುಂಗಾಲು ಊರಲೋ ಬೇಡವೋ ಎನ್ನುವಂತಿತ್ತು. ಈ ತೋಟದಲ್ಲಿ ಇಷ್ಟು ಕಾಲ ಬಾಳಿದ ಮೇಲೂ ಇಂಥ ನೆಂಟನೊಬ್ಬ ಇಲ್ಲೇ ಮರದ ಮೇಲೆ ಓಡಾಡುತ್ತಿದ್ದನೇ ಎಂದು ಕಾಂತಮ್ಮನವರಿಗೆ ಬೆರಗಾಯಿತು.

"ಎಷ್ಟ್ ಚಂದಾಗೈತವ್ವಾ," ಎಂದಳು ಲಿಂಗಮ್ಮ. "ಇದಕ್ಕಾ ನಾವು ಹೆದ್ರಿದ್ದು!"

ಶಾಂತಪ್ಪನವರು ಕುರ್ಚಿಯಿಂದ ಇಳಿದರು. ಇಳಿಯುವಾಗ ತಲೆ ತಗ್ಗಿಸಿದ್ದವರು ನೆಲ ಮುಟ್ಟುವಷ್ಟರಲ್ಲಿ ತಲೆಯೆತ್ತಿದ್ದರು. "ಮೇಷ್ಟ್ರೇ, ನೀವು ಅಷ್ಟು ಮರಕ್ಕೆ ಕಟ್ಟಿದ್ರಿ, ಬೀಳಲಿಲ್ಲ. ನಾನು ಒಂದಕ್ಕೆ ಕಟ್ಟಿದೆ. ಅದೂ ಕೂತ್ಕೊಂಡು!"

ಮೇಷ್ಟ್ರು ಕೈ ಮುಗಿದರು. "ಒಪ್ಪಿದೆ ಶಾಂತಪ್ಪನವರೇ. ಇನ್ನು ಮೇಲೆ ಎಲ್ಲಿ ಕಟ್ಟೋದಿದ್ದರೂ ನೀವೇ ಬನ್ನಿ. ಹೆಸರು ಮಾತ್ರ ನಾನಿಡ್ತೀನಿ."

ಕಾಂತಮ್ಮನವರ ಕಿವಿ ಇಷ್ಟು ಹೊತ್ತೂ ಹಳ್ಳದ ಕಡೆಗೇ ಇತ್ತು. ಅವರು ಲಿಂಗಮ್ಮನ ಮುಖ ನೋಡಿದರು. "ಈಗಲಾದ್ರೂ ಇಳಿತೀರೇನಮ್ಮ?"

ಲಿಂಗಮ್ಮ ಚೀಲ ಕಟ್ಟಿಕೊಂಡಳು. "ಇಳಿತೀವಿ ಅಮ್ಮಾರೆ. ಗಿಡದ ಮ್ಯಾಲಿನ ಹಣ್ಣೆಲ್ಲ ಕುಯ್ಕೊಡ್ತೀವಿ. ಆದ್ರೆ ನೆಲಕ್ಕೆ ಬಿದ್ದಿದ್ ನಾವ್ ಹೆಕ್ಕಾಕಿಲ್ಲ. ಹುಲಿಗೆ ಹೆದ್ರಿದ್ದು ನಾವು, ಸರಿ. ಹುಲಿ ಹಡೆದೋರು ಯಾರು? ಅವ್ರೇ ಹೆಕ್ಲಿ!"

ಅಂಗಳದವರೆಲ್ಲ ಶಾಂತಪ್ಪನವರತ್ತ ತಿರುಗಿದರು. ಮಾತಿನ ಮಲ್ಲ ಮಂಡಿ ಸವರಿಕೊಂಡರು. "ಮಂಡಿ..." ಎಂದು ಶುರು ಮಾಡಿದರು.

"ಕೂತ್ಕೊಂಡೇ ಮಾಡೋ ಕೆಲಸ ಕಣ್ರೀ," ಎಂದು ಕಾಂತಮ್ಮ ಬುಟ್ಟಿ ತಂದು ಕೈಗಿತ್ತರು.

ಮಧ್ಯಾಹ್ನದ ಹೊತ್ತಿಗೆ ಹಳ್ಳದ ಬ್ಲಾಕಿನಲ್ಲಿ ಹೆಂಗಸರ ಮಾತು, ನಗು, ಕೊಂಬೆ ಬಗ್ಗಿಸುವ ಸದ್ದು ತುಂಬಿತ್ತು. ಗಿಡದ ಬುಡದಲ್ಲಿ ಶಾಂತಪ್ಪನವರು ಕುಕ್ಕರಗಾಲಿನಲ್ಲಿ ಕೂತು ತರಗೆಲೆ ಸರಿಸಿ ಒಂದೊಂದೇ ಹಣ್ಣು ಹೆಕ್ಕುತ್ತಿದ್ದರು. ಪಕ್ಕದಲ್ಲಿ ಕಾಂತಮ್ಮ.

"ಕಾಂತಾ, ನಾಳೆ ಪೇಪರಿನವರು ಬಂದ್ರೆ ಏನು ಗತಿ? ನನ್ನ ಈ ಸ್ಥಿತಿಯಲ್ಲಿ ನೋಡ್ತಾರಲ್ಲ!"

"ಬರ್ಲಿ ಬಿಡಿ. ಅವರಿಗೂ ಒಂದೊಂದು ಬುಟ್ಟಿ ಕೊಡೋಣ."

ಶಾಂತಪ್ಪನವರು ತುಂಬಿದ ಬೊಗಸೆಯನ್ನು ಬುಟ್ಟಿಗೆ ಸುರಿದರು. ಕಾಂತಮ್ಮ ಅದರಲ್ಲಿದ್ದ ಕೊಳೆತ ಹಣ್ಣು ಆರಿಸಿ ಎಸೆದು, ಬುಟ್ಟಿಯನ್ನು ಮುಂದಿನ ಗಿಡದ ಬುಡಕ್ಕೆ ತಳ್ಳಿದರು.